ಅಂಕಿತದ ಕಥೆ

ತುಂಗಭದ್ರೆಯ ದಕ್ಷಿಣ ದಡದಲ್ಲಿ, ಹೇಮಕೂಟದ ಬುಡದಲ್ಲಿ ಹಂಪಿಯ ವಿರೂಪಾಕ್ಷ ದೇವಾಲಯ ನಿಂತಿದೆ. ವಿಜಯನಗರದ ಅರಸರು ಈ ದೇವರ ಸನ್ನಿಧಿಯಲ್ಲಿ ಧಾರೆಯೆರೆದು ಎಷ್ಟೋ ಭೂದಾನಗಳನ್ನು ಮಾಡಿದರು. ದಾನದ ವಿವರವನ್ನು ತಾಮ್ರದ ತಗಡುಗಳ ಮೇಲೆ ಕೊರೆಸಿ, ದಾನ ಪಡೆದವರ ಕೈಗೆ ಒಪ್ಪಿಸುವುದು ಅಂದಿನ ಪದ್ಧತಿ. ತಗಡುಗಳನ್ನು ಒಂದು ಬಳೆಯಲ್ಲಿ ಪೋಣಿಸಿ, ಆ ಬಳೆಗೆ ವರಾಹ, ಸೂರ್ಯ, ಚಂದ್ರರ ಚಿಹ್ನೆಗಳಿರುವ ರಾಜಮುದ್ರೆಯನ್ನು ಹಾಕುತ್ತಿದ್ದರು. ಇಂತಹ ಶಾಸನಗಳ ಭಾಷೆ ಸಾಮಾನ್ಯವಾಗಿ ಸಂಸ್ಕೃತ, ಲಿಪಿ ನಂದಿನಾಗರಿ. ಆದರೆ ಓದುತ್ತ ಓದುತ್ತ ಕೊನೆಯ ಸಾಲಿಗೆ ಬಂದಾಗ ಲಿಪಿ ಥಟ್ಟನೆ ಬದಲಾಗುತ್ತದೆ. ಅಲ್ಲಿ ಕನ್ನಡ ಅಕ್ಷರಗಳಲ್ಲಿ ‘ಶ್ರೀ ವಿರೂಪಾಕ್ಷ’ ಎಂದು ಬರೆದಿರುತ್ತದೆ. ಅದೇ ಅರಸನ ಅಂಕಿತ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅವನ ರುಜು.

ಅರಸನು ಮಾಡಿದ ದಾನಕ್ಕೆ ಅಂಕಿತವೇಕೆ ಬೇಕು? ಭೂಮಿಯೆಂದರೆ ಅನ್ನ. ಒಂದು ಕುಟುಂಬದ ಹತ್ತು ತಲೆಮಾರುಗಳ ಬಾಳು ಒಂದು ತಗಡಿನ ಮೇಲಿನ ಬರಹವನ್ನು ಅವಲಂಬಿಸಿರುತ್ತದೆ. ದಾನ ಕೊಟ್ಟ ಅರಸ ಕಾಲವಶನಾಗುತ್ತಾನೆ, ಸಾಕ್ಷಿಯಾಗಿದ್ದವರೂ ಗತಿಸುತ್ತಾರೆ. ಮುಂದೊಂದು ದಿನ ವಿವಾದ ಹುಟ್ಟಿದರೆ ಮಾತನಾಡಬೇಕಾದದ್ದು ಆ ತಗಡು ಒಂದೇ. ಈ ಅಗತ್ಯವನ್ನು ನಮ್ಮ ಪೂರ್ವಿಕರು ಬಹು ಹಿಂದೆಯೇ ಕಂಡುಕೊಂಡಿದ್ದರು. ದಾನಶಾಸನದಲ್ಲಿ ಅರಸನ ವಂಶ, ದಾನದ ಪ್ರಮಾಣ, ಕಾಲ, ಮುದ್ರೆ, ಅರಸನ ಸ್ವಹಸ್ತ ಇವೆಲ್ಲ ಇರಬೇಕೆಂದು ಯಾಜ್ಞವಲ್ಕ್ಯ ಸ್ಮೃತಿ ವಿಧಿಸುತ್ತದೆ. ಈ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕನ್ನಡ ನಾಡಿನ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಇದ್ದವನು.

ನಿಯಮವಿದ್ದಲ್ಲಿ ಅದನ್ನು ಮುರಿಯುವವರೂ ಇರುತ್ತಾರೆ. ಅರಸನ ಹೆಸರಿನಲ್ಲಿ ಸುಳ್ಳು ಶಾಸನಗಳನ್ನು ಸೃಷ್ಟಿಸುವವರು ಹಿಂದೆಯೂ ಇದ್ದರು. ಅಂತಹ ಬರಹಗಳಿಗೆ ‘ಕೂಟಶಾಸನ’ ಎಂದು ಹೆಸರು. ಅವನ್ನು ಮಾಡಿದವನಿಗೆ ಮನುಸ್ಮೃತಿ ಮರಣದಂಡನೆಯನ್ನು ವಿಧಿಸುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ನಡ ನಾಡಿನ ಶಾಸನಗಳನ್ನು ವಿದ್ವಾಂಸರು ಸಂಗ್ರಹಿಸತೊಡಗಿದಾಗ ಈ ಪ್ರಶ್ನೆ ಮತ್ತೆ ತಲೆಯೆತ್ತಿತು. ಗಂಗರ ಹೆಸರಿನ ಅನೇಕ ತಾಮ್ರಪಟಗಳು ಕೂಟಶಾಸನಗಳೆಂದು ಫ್ಲೀಟ್ ವಾದಿಸಿದನು. ಅಕ್ಷರಗಳ ರೂಪವು ಶಾಸನ ಹೇಳುವ ಕಾಲಕ್ಕೆ ಹೊಂದುತ್ತದೆಯೆ, ತಿಥಿಗೂ ವಾರಕ್ಕೂ ಮೇಳವಿದೆಯೆ, ಹೇಳಿರುವ ಗ್ರಹಣ ಆ ದಿನ ನಿಜವಾಗಿ ಸಂಭವಿಸಿತ್ತೆ ಎಂದು ಪರೀಕ್ಷಿಸಿ ವಿದ್ವಾಂಸರು ಸತ್ಯಾಸತ್ಯಗಳನ್ನು ನಿರ್ಣಯಿಸುತ್ತಾರೆ.

ಇಲ್ಲಿ ಎರಡು ತೊಡಕುಗಳನ್ನು ಗಮನಿಸಬೇಕು. ‘ಶ್ರೀ ವಿರೂಪಾಕ್ಷ’ ಎಂಬ ಅಂಕಿತ ಎಲ್ಲ ಶಾಸನಗಳಲ್ಲಿಯೂ ಒಂದೇ ಬಗೆಯಾಗಿರುತ್ತದೆ. ಆದುದರಿಂದ ಒಂದನ್ನು ಕಂಡ ಕುಶಲ ಕೆಲಸಗಾರನು ಅದನ್ನು ಮತ್ತೊಂದು ತಗಡಿನ ಮೇಲೆ ಹಾಗೆಯೇ ಕೊರೆಯಬಲ್ಲ. ಇದು ಮೊದಲನೆಯ ತೊಡಕು. ಅಂಕಿತಕ್ಕೂ ಮೇಲಿನ ಬರಹಕ್ಕೂ ಒಳಗಿನ ಸಂಬಂಧವಿಲ್ಲ. ಬರಹದಲ್ಲಿ ಒಂದು ಊರಿನ ಹೆಸರನ್ನು ತಿದ್ದಿದರೂ ಕೆಳಗಿನ ಅಂಕಿತ ತನ್ನ ಪಾಡಿಗೆ ತಾನು ಇದ್ದೇ ಇರುತ್ತದೆ. ಇದು ಎರಡನೆಯದು. ದಾಸರ ಪದಗಳ ವಿಷಯದಲ್ಲಿಯೂ ಇದೇ ಕಷ್ಟ ಉಂಟು. ಹಂಪಿಯೊಡನೆ ಹೆಸರು ಬೆರೆತಿರುವ ಪುರಂದರದಾಸರ ಅಂಕಿತ ‘ಪುರಂದರವಿಠಲ’. ಆ ಅಂಕಿತವಿರುವ ಹಾಡುಗಳೆಲ್ಲ ಅವರವೇ ಎಂದು ಅಂಕಿತವೊಂದನ್ನೇ ನಂಬಿ ಹೇಳಲಾಗದು.

ಒಂದು ಗುರುತು ಅದನ್ನು ಹಾಕಿದವನಿಗೆ ಮಾತ್ರ ಸಾಧ್ಯವಾಗಬೇಕು. ಯಾವ ಬರಹಕ್ಕೆ ಹಾಕಿದೆಯೋ ಆ ಬರಹಕ್ಕೆ ಮಾತ್ರ ಹೊಂದಬೇಕು. ನೋಡಿದವರೆಲ್ಲರೂ ಅದನ್ನು ಪರೀಕ್ಷಿಸುವಂತಿರಬೇಕು. ಇಂತಹ ಅಂಕಿತ ಉಂಟೆ? ಶತಮಾನಗಳ ಕಾಲ ಇದಕ್ಕೆ ಉತ್ತರವಿರಲಿಲ್ಲ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಗಣಿತಶಾಸ್ತ್ರ ಉತ್ತರ ಕೊಟ್ಟಿತು.

ಆ ಉತ್ತರ ಇಂದು ಹೊಸಪೇಟೆ, ಕಂಪ್ಲಿ, ಸಂಡೂರುಗಳ ಜನರ ನಿತ್ಯಜೀವನವನ್ನೂ ಮುಟ್ಟಿದೆ. ಕಂಪ್ಲಿಯ ಸುತ್ತಿನ ಭತ್ತದ ಗದ್ದೆಗಳಿಗೆ ಒಡೆಯರು ಯಾರೆಂಬುದನ್ನು ಹೇಳುವ ಕಾಗದ ಪಹಣಿ. ಹಿಂದೆ ಅದು ಕೈಬರಹದಲ್ಲಿ, ಹಳ್ಳಿಯ ಲೆಕ್ಕಿಗನ ದಫ್ತರದಲ್ಲಿ ಇರುತ್ತಿತ್ತು. ಕರ್ನಾಟಕ ಸರ್ಕಾರವು ‘ಭೂಮಿ’ ಯೋಜನೆಯ ಮೂಲಕ 2002ರ ಹೊತ್ತಿಗೆ ಅಂದಿನ 177 ತಾಲ್ಲೂಕುಗಳ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳು ಹೀಗೆ ಕೈಬರಹದಿಂದ ಯಂತ್ರದೊಳಗೆ ಸೇರಿದವು. ಇಂದು ಪಹಣಿಯು ಡಿಜಿಟಲ್ ಸಹಿಯೊಡನೆ ದೊರೆಯುತ್ತದೆ. ಡಿಜಿಟಲ್ ಸಹಿಯೆಂದರೆ ಅಂಕಿಗಳಿಂದಾದ ಸಹಿ. ಇದಕ್ಕೆ ಕಾನೂನಿನ ಮಾನ್ಯತೆ ದೊರೆತದ್ದು 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದಿಂದ.

ಗಣಕಯಂತ್ರದಲ್ಲಿ ಹಳೆಯ ರುಜುವಿನ ದೋಷ ಇನ್ನೂ ಹೆಚ್ಚಾಗುತ್ತದೆ. ಕಾಗದದ ಮೇಲೆ ಮತ್ತೊಬ್ಬರ ರುಜುವನ್ನು ಅನುಕರಿಸಲು ಕೈಚಳಕ ಬೇಕು. ಅದರಲ್ಲಿ ಎಲ್ಲೋ ಒಂದು ಕೊಂಕು ಉಳಿಯುತ್ತದೆ. ಯಂತ್ರದಲ್ಲಿಯಾದರೆ ರುಜುವಿನ ಚಿತ್ರವನ್ನು ಒಂದು ಕಡತದಿಂದ ತೆಗೆದು ಮತ್ತೊಂದಕ್ಕೆ ಅಂಟಿಸಲು ಒಂದು ಕ್ಷಣ ಸಾಕು. ಮೂಲಕ್ಕೂ ನಕಲಿಗೂ ಕೂದಲೆಳೆಯಷ್ಟೂ ಭೇದವಿರುವುದಿಲ್ಲ. ಆದುದರಿಂದ ಡಿಜಿಟಲ್ ಸಹಿ ಚಿತ್ರವಾಗಿರಲಾರದು. ಅದು ಒಂದು ಲೆಕ್ಕವಾಗಿರಬೇಕು.

1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಎಂಬ ಇಬ್ಬರು ಅಮೆರಿಕನ್ ವಿಜ್ಞಾನಿಗಳು ಒಂದು ಹೊಸ ವಿಚಾರವನ್ನು ಪ್ರಕಟಿಸಿದರು. ಒಬ್ಬನಿಗೆ ಒಂದರ ಬದಲು ಎರಡು ಕೀಲಿಗಳಿರಲಿ. ಒಂದು ಖಾಸಗಿ ಕೀಲಿ. ಅದನ್ನು ಅವನು ಯಾರಿಗೂ ತೋರಿಸಬಾರದು. ಇನ್ನೊಂದು ಸಾರ್ವಜನಿಕ ಕೀಲಿ. ಅದನ್ನು ಊರಿಗೆಲ್ಲ ಸಾರಬಹುದು. ಖಾಸಗಿ ಕೀಲಿಯಿಂದ ಮಾಡಿದ ಸಹಿಯನ್ನು ಸಾರ್ವಜನಿಕ ಕೀಲಿಯಿಂದ ಪರೀಕ್ಷಿಸಬಹುದು. ಆದರೆ ಸಾರ್ವಜನಿಕ ಕೀಲಿಯನ್ನು ಬಲ್ಲವನು ಖಾಸಗಿ ಕೀಲಿಯನ್ನು ಕಂಡುಹಿಡಿಯಲಾರ. ಈ ವಿಚಾರವನ್ನು 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಲೆಕ್ಕವಾಗಿಸಿದರು. ಅವರ ಹೆಸರುಗಳ ಮೊದಲಕ್ಷರಗಳಿಂದ ಆ ವಿಧಾನಕ್ಕೆ ‘ಆರ್‌ಎಸ್‌ಎ’ ಎಂದು ಹೆಸರಾಯಿತು.

ಚಿಕ್ಕ ಸಂಖ್ಯೆಗಳಿಂದ ಇದನ್ನು ತಿಳಿಯಬಹುದು. 3 ಮತ್ತು 11 ಎರಡೂ ಅವಿಭಾಜ್ಯ ಸಂಖ್ಯೆಗಳು; ಅವುಗಳ ಗುಣಲಬ್ಧ 33. ಇವೆರಡರಿಂದಲೂ ಒಂದೊಂದನ್ನು ಕಳೆದು ಗುಣಿಸಿದರೆ 2 × 10 = 20. ಈಗ ಗುಣಲಬ್ಧವನ್ನು 20ರಿಂದ ಭಾಗಿಸಿದಾಗ ಶೇಷ 1 ಬರುವಂತಹ ಎರಡು ಸಂಖ್ಯೆಗಳನ್ನು ಆರಿಸಬೇಕು. 3 ಮತ್ತು 7 ಅಂತಹವು. ಅವುಗಳ ಗುಣಲಬ್ಧ 21. 33 ಮತ್ತು 3 ಎಂಬುದು ಸಾರ್ವಜನಿಕ ಕೀಲಿ. 7 ಎಂಬುದು ಖಾಸಗಿ ಕೀಲಿ.

ಒಂದು ಪಹಣಿಯಲ್ಲಿ ಸರ್ವೆ ನಂಬರು 114, ವಿಸ್ತೀರ್ಣ 4 ಎಕರೆ 20 ಗುಂಟೆ ಎಂದಿದೆಯೆಂದು ಭಾವಿಸಬಹುದು. ಮೊದಲು ಇಡೀ ಬರಹವನ್ನು ಒಂದು ಚಿಕ್ಕ ಸಂಖ್ಯೆಗೆ ಇಳಿಸಬೇಕು. 114, 4, 20 ಇವುಗಳ ಮೊತ್ತ 138. ಅದನ್ನು 33ರಿಂದ ಭಾಗಿಸಿದರೆ ಶೇಷ 6. ಇದು ಆ ಬರಹದ ಸಾರಸಂಖ್ಯೆ. ತಹಸೀಲ್ದಾರರು ತಮ್ಮ ಖಾಸಗಿ ಕೀಲಿಯಿಂದ ಸಹಿ ಮಾಡುವುದೆಂದರೆ, 6ನ್ನು ಏಳು ಬಾರಿ ಇಟ್ಟು ಗುಣಿಸಿ, ಬಂದ 2,79,936ನ್ನು 33ರಿಂದ ಭಾಗಿಸುವುದು. ಶೇಷ 30. ಈ 30 ಎಂಬುದೇ ಸಹಿ. ಪಹಣಿಯನ್ನು ಪಡೆದ ಬ್ಯಾಂಕಿನವರು ಸಾರ್ವಜನಿಕ ಕೀಲಿಯಿಂದ ಪರೀಕ್ಷಿಸುತ್ತಾರೆ: 30ನ್ನು ಮೂರು ಬಾರಿ ಇಟ್ಟು ಗುಣಿಸಿದರೆ 27,000, ಅದನ್ನು 33ರಿಂದ ಭಾಗಿಸಿದರೆ ಶೇಷ 6. ಬರಹದಿಂದ ತಾವೇ ಲೆಕ್ಕಹಾಕಿದ ಸಾರಸಂಖ್ಯೆಯೂ 6. ಎರಡೂ ತಾಳೆಯಾದವು, ಸಹಿ ಸಾಚಾ. ಯಾರಾದರೂ ನಡುವೆ 4 ಎಕರೆಯನ್ನು 9 ಎಕರೆಯೆಂದು ತಿದ್ದಿದ್ದರೆ ಮೊತ್ತ 143 ಆಗಿ ಸಾರಸಂಖ್ಯೆ 11 ಬರುತ್ತಿತ್ತು. ಸಹಿ ಮಾತ್ರ 6 ಎಂದೇ ಹೇಳುತ್ತಿತ್ತು. ಮೋಸ ಅಲ್ಲಿಯೇ ಹೊರಬೀಳುತ್ತಿತ್ತು.

‘ಶ್ರೀ ವಿರೂಪಾಕ್ಷ’ಕ್ಕೆ ಇಲ್ಲದಿದ್ದ ಗುಣ ಈ ಸಹಿಗೆ ಇದೆ. ಬರಹ ಬದಲಾದಂತೆ ಸಹಿಯೂ ಬದಲಾಗುತ್ತದೆ. ಒಂದು ಪಹಣಿಯ ಸಹಿಯನ್ನು ಮತ್ತೊಂದಕ್ಕೆ ಅಂಟಿಸಿ ಪ್ರಯೋಜನವಿಲ್ಲ. ಆದರೆ 33ನ್ನು ಕಂಡ ವಿದ್ಯಾರ್ಥಿಯು ಅದು 3 ಮತ್ತು 11ರ ಗುಣಲಬ್ಧವೆಂದು ಕ್ಷಣದಲ್ಲಿ ಹೇಳಿ, ಖಾಸಗಿ ಕೀಲಿಯನ್ನೂ ಕಂಡುಹಿಡಿದಾನು. ಆದುದರಿಂದ ನಿಜವಾದ ಬಳಕೆಯಲ್ಲಿ ಗುಣಲಬ್ಧವು 2048 ಬಿಟ್‌ಗಳಷ್ಟು, ಎಂದರೆ ಸುಮಾರು 617 ಅಂಕಿಗಳಷ್ಟು ಉದ್ದವಾಗಿರುತ್ತದೆ. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ. ಗುಣಲಬ್ಧವನ್ನು ನೋಡಿ ಅವನ್ನು ಬೇರ್ಪಡಿಸುವುದು ಇಂದಿನ ಯಂತ್ರಗಳಿಗೂ ಅಸಾಧ್ಯವೆನ್ನುವಷ್ಟು ಕಷ್ಟ. ಸಹಿಯ ಬಲವೆಲ್ಲ ಈ ಕಷ್ಟದಲ್ಲಿಯೇ ಅಡಗಿದೆ.

ಮೇಲಿನ ಲೆಕ್ಕದಲ್ಲಿ ಇನ್ನೊಂದು ದೌರ್ಬಲ್ಯವೂ ಇದೆ. ಕಪಟಿಯೊಬ್ಬನು 4 ಎಕರೆಯನ್ನು 9 ಎಕರೆ ಮಾಡಿ, ಜೊತೆಗೆ 20 ಗುಂಟೆಯನ್ನು 15 ಗುಂಟೆ ಮಾಡಿದರೆ ಮೊತ್ತ ಮತ್ತೆ 138. ಸಾರಸಂಖ್ಯೆ ಮತ್ತೆ 6. ಸಹಿ ತಾಳೆಯಾಗುತ್ತದೆ, ಯಾರದೋ ಹೊಲ ಹೋಗುತ್ತದೆ! ಎರಡು ಬೇರೆ ಬರಹಗಳಿಗೆ ಒಂದೇ ಸಾರಸಂಖ್ಯೆ ಸಿಕ್ಕುವಂತಾದರೆ ಸಹಿಯ ವಿಧಾನ ಎಷ್ಟು ಗಟ್ಟಿಯಾಗಿದ್ದರೂ ವ್ಯರ್ಥ. ಆದ ಕಾರಣ ಸಾರಸಂಖ್ಯೆಯನ್ನು ಬರಿಯ ಕೂಡುವಿಕೆಯಿಂದ ಪಡೆಯದೆ, ‘ಹ್ಯಾಷ್’ ಎಂಬ ಜಟಿಲ ವಿಧಾನದಿಂದ ಪಡೆಯುತ್ತಾರೆ. ಅದರಲ್ಲಿ ಒಂದು ಅಕ್ಷರ ಬದಲಾದರೂ ಇಡೀ ಸಾರಸಂಖ್ಯೆ ಬೇರೆಯಾಗಿಬಿಡುತ್ತದೆ. ಆದರೂ ಈ ವಿಧಾನಗಳಲ್ಲಿ ಕೆಲವು ಕಾಲಕ್ರಮದಲ್ಲಿ ಸೋತವು. ‘ಎಂಡಿ5’ ಎಂಬ ವಿಧಾನದಲ್ಲಿ ಒಂದೇ ಸಾರಸಂಖ್ಯೆಯ ಎರಡು ಬರಹಗಳನ್ನು ಚೀನದ ಗಣಿತಜ್ಞೆ ವಾಂಗ್ ಶಿಯಾವ್‌ಯುನ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದರು. ‘ಎಸ್‌ಎಚ್‌ಎ-1’ರಲ್ಲಿ ಅಂತಹದೇ ಜೋಡಿಯನ್ನು 2017ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಗಣಿತ ಸಂಸ್ಥೆ ಮತ್ತು ಗೂಗಲ್‌ನ ವಿಜ್ಞಾನಿಗಳು ಪ್ರಕಟಿಸಿದರು. ಇಂದು ಸಹಿಗಳಿಗೆ ‘ಎಸ್‌ಎಚ್‌ಎ-256’ ಮುಂತಾದ ಗಟ್ಟಿ ವಿಧಾನಗಳನ್ನು ಬಳಸುತ್ತಾರೆ.

ಸಹಿಯ ವಿಧಾನಗಳೂ ಒಂದಕ್ಕೆ ನಿಲ್ಲಲಿಲ್ಲ. 1991ರಲ್ಲಿ ಅಮೆರಿಕದ ಮಾನಕ ಸಂಸ್ಥೆ ‘ಡಿಎಸ್‌ಎ’ ಎಂಬ ವಿಧಾನವನ್ನು ಮುಂದಿಟ್ಟು, 1994ರಲ್ಲಿ ಅದನ್ನು ಮಾನಕವಾಗಿ ಹೊರಡಿಸಿತು. ದೀರ್ಘವೃತ್ತೀಯ ವಕ್ರರೇಖೆಗಳ ಗಣಿತವನ್ನು ಗೂಢಲಿಪಿಗೆ ಬಳಸಬಹುದೆಂದು ಕೋಬ್ಲಿಟ್ಸ್ ಮತ್ತು ಮಿಲ್ಲರ್ 1985ರಲ್ಲಿ ಸೂಚಿಸಿದ್ದರು. ಅದರಿಂದ ‘ಇಸಿಡಿಎಸ್‌ಎ’ ಹುಟ್ಟಿತು. 2011ರಲ್ಲಿ ‘ಇಡಿ25519’ ಎಂಬ ಮತ್ತೊಂದು ವಿಧಾನ ಬಂದಿತು. ಆರ್‌ಎಸ್‌ಎಯ 2048 ಬಿಟ್‌ಗಳ ಸಹಿಗೆ 256 ಬೈಟುಗಳ ಸ್ಥಳ ಬೇಕಾದರೆ ಇಡಿ25519ರ ಸಹಿಗೆ 64 ಬೈಟುಗಳು ಸಾಕು.

ಹೊಸಪೇಟೆಯ ಕಚೇರಿಯೊಂದಕ್ಕೆ ಸಹಿಯ ವ್ಯವಸ್ಥೆಯನ್ನು ಸಿದ್ಧಗೊಳಿಸುವ ಕ್ರಮವಿಧಿಕಾರನು ಈ ಲೆಕ್ಕಗಳನ್ನೆಲ್ಲ ತಾನೇ ಮೊದಲಿನಿಂದ ಬರೆಯುವುದಿಲ್ಲ, ಬರೆಯಲೂ ಬಾರದು. ಬೇರೆಯವರು ಬರೆದು, ಪರೀಕ್ಷಿಸಿ ಇಟ್ಟಿರುವ ಕ್ರಮವಿಧಿಗಳ ಸಂಗ್ರಹ ಅವನಿಗೆ ದೊರೆಯುತ್ತದೆ. ಇದಕ್ಕೆ ‘ಲೈಬ್ರರಿ’ ಎಂದೇ ಹೆಸರು. ಪುಸ್ತಕಗಳ ಗ್ರಂಥಾಲಯದಲ್ಲಿ ಒಂದೇ ಕಾವ್ಯಕ್ಕೆ ಹಲವು ಮುದ್ರಣಗಳಿರುವಂತೆ ಇಲ್ಲಿಯೂ ಒಂದೇ ವಿಧಾನಕ್ಕೆ ಹಲವರು ಬರೆದ ಹಲವು ರಚನೆಗಳಿರುತ್ತವೆ. ವಿಧಾನ ಒಂದೇ ಆದರೂ ರಚನೆಗಳು ಒಂದೇ ಆಗಿರುವುದಿಲ್ಲ. ಕೆಲವು ಗಣಕ ಭಾಷೆಗಳಲ್ಲಿ, ಉದಾಹರಣೆಗೆ ಜಾವಾದಲ್ಲಿ, ವಿಧಾನದ ಹೆಸರನ್ನು ಮಾತ್ರ ಹೇಳಿದರೆ ಯಂತ್ರವು ತನ್ನ ಆದ್ಯತೆಯ ಪಟ್ಟಿಯಲ್ಲಿ ಮೊದಲು ಸಿಕ್ಕ ರಚನೆಯನ್ನು ಕೊಟ್ಟುಬಿಡುತ್ತದೆ. ಆದುದರಿಂದ ಯಾವುದನ್ನು ಕೇಳುತ್ತಿದ್ದೇನೆ, ಯಾರದು ಬಂದಿದೆ ಎಂಬ ಅರಿವು ಕೇಳುವವನಿಗೆ ಇರಬೇಕು.

ಮುದ್ರಣದೋಷದಿಂದ ಕಾವ್ಯದ ಅರ್ಥ ಕೆಡುವಂತೆ ರಚನೆಯ ದೋಷದಿಂದ ಸಹಿಯ ವಿಶ್ವಾಸ ಕೆಡುತ್ತದೆ. ಇದಕ್ಕೆ ಮೂರು ನಿದರ್ಶನಗಳು ಪ್ರಸಿದ್ಧವಾಗಿವೆ.

2006ರಲ್ಲಿ ‘ಡೆಬಿಯನ್’ ಎಂಬ ಗಣಕ ವ್ಯವಸ್ಥೆಯನ್ನು ನಿರ್ವಹಿಸುತ್ತಿದ್ದವರು ಓಪನ್‌ಎಸ್‌ಎಸ್‌ಎಲ್ ಎಂಬ ಲೈಬ್ರರಿಯ ತಮ್ಮ ಪ್ರತಿಯಲ್ಲಿ ಎರಡು ಸಾಲುಗಳನ್ನು ಅನಾವಶ್ಯಕವೆಂದು ತೆಗೆದರು. ಕೀಲಿಗಳಿಗೆ ಬೇಕಾದ ಯಾದೃಚ್ಛಿಕ ಸಂಖ್ಯೆಗಳ ಮೂಲವೇ ಆ ಸಾಲುಗಳಲ್ಲಿ ಅಡಗಿತ್ತು. ಪರಿಣಾಮವಾಗಿ, ಎಣಿಕೆಗೆ ಸಿಕ್ಕದಷ್ಟು ಇರಬೇಕಾಗಿದ್ದ ಕೀಲಿಗಳು ಪ್ರತಿಯೊಂದು ಬಗೆಯಲ್ಲಿಯೂ 32,768ಕ್ಕೆ ಇಳಿದವು. ಅಷ್ಟನ್ನು ಒಂದೊಂದಾಗಿ ಪ್ರಯತ್ನಿಸಿ ನೋಡಲು ಯಂತ್ರಕ್ಕೆ ಹೆಚ್ಚು ಹೊತ್ತು ಬೇಡ. ಈ ದೋಷ ಬೆಳಕಿಗೆ ಬಂದದ್ದು 2008ರ ಮೇ ತಿಂಗಳಿನಲ್ಲಿ. ಅದುವರೆಗೆ ಎಲ್ಲವೂ ಸರಿಯಾಗಿಯೇ ನಡೆಯುತ್ತಿರುವಂತೆ ಕಂಡಿತ್ತು.

ಎರಡನೆಯದು 2010ರ ಘಟನೆ. ಡಿಎಸ್‌ಎ, ಇಸಿಡಿಎಸ್‌ಎ ವಿಧಾನಗಳಲ್ಲಿ ಪ್ರತಿಯೊಂದು ಸಹಿಗೂ ಒಂದು ಹೊಸ ಗುಪ್ತಸಂಖ್ಯೆಯನ್ನು ಆರಿಸಬೇಕು. ಸೋನಿ ಸಂಸ್ಥೆಯ ಪ್ಲೇಸ್ಟೇಷನ್ 3 ಎಂಬ ಆಟದ ಯಂತ್ರದ ಕ್ರಮವಿಧಿಗಳಿಗೆ ಸಹಿ ಮಾಡುವಾಗ ಪ್ರತಿ ಬಾರಿಯೂ ಒಂದೇ ಸಂಖ್ಯೆಯನ್ನು ಬಳಸಿದ್ದರು. ಒಂದೇ ಗುಪ್ತಸಂಖ್ಯೆಯಿಂದ ಮಾಡಿದ ಎರಡು ಸಹಿಗಳು ಕೈಗೆ ಸಿಕ್ಕರೆ ಎರಡು ಅವ್ಯಕ್ತಗಳಿರುವ ಎರಡು ಸಮೀಕರಣಗಳು ದೊರೆತಂತಾಯಿತು. ಅವನ್ನು ಬಿಡಿಸುವ ಕ್ರಮವನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಬಲ್ಲ. ಹಾಗೆ ಬಿಡಿಸಿದವರಿಗೆ ಸಂಸ್ಥೆಯ ಖಾಸಗಿ ಕೀಲಿಯೇ ದೊರೆಯಿತು. ಇಡಿ25519ರಲ್ಲಿ ಈ ಗುಪ್ತಸಂಖ್ಯೆಯನ್ನು ಬರಹದಿಂದಲೂ ಖಾಸಗಿ ಕೀಲಿಯಿಂದಲೂ ಲೆಕ್ಕಹಾಕಿಯೇ ಪಡೆಯುವುದರಿಂದ ಇಂತಹ ಎಡವಟ್ಟಿಗೆ ಅವಕಾಶವಿಲ್ಲ.

ಮೂರನೆಯದು ಪರೀಕ್ಷಿಸುವವರ ಕಡೆಯ ದೋಷ. ಇಸಿಡಿಎಸ್‌ಎ ಸಹಿ ಎರಡು ಸಂಖ್ಯೆಗಳ ಜೋಡಿ. ಇವೆರಡೂ ಸೊನ್ನೆಯಾಗಿರಬಾರದೆಂದು ಮೊದಲೇ ನೋಡಿಕೊಳ್ಳಬೇಕೆಂಬುದು ನಿಯಮ. ಜಾವಾ ಭಾಷೆಯ 15ನೆಯ ಆವೃತ್ತಿಗಾಗಿ ಈ ವಿಧಾನವನ್ನು ಹೊಸದಾಗಿ ಬರೆದಾಗ ಆ ಒಂದು ತಪಾಸಣೆ ಬಿಟ್ಟುಹೋಯಿತು. ಸೊನ್ನೆ, ಸೊನ್ನೆ ಎಂದು ಬರೆದ ಸಹಿಯನ್ನು ಯಾವ ಬರಹಕ್ಕೆ ಅಂಟಿಸಿದರೂ ಯಂತ್ರ ‘ಸರಿ’ ಎನ್ನುತ್ತಿತ್ತು. 2022ರ ಏಪ್ರಿಲಿನಲ್ಲಿ ಇದನ್ನು ಸರಿಪಡಿಸಿದರು. ಅರಸನ ಅಂಕಿತವಿರಬೇಕಾದ ಜಾಗ ಬರಿದಾಗಿದ್ದರೂ ಶಾಸನವನ್ನು ಒಪ್ಪಿಕೊಂಡಂತೆ ಇದು!

ಈ ಮೂರೂ ಪ್ರಸಂಗಗಳಲ್ಲಿ ಗಣಿತ ಸೋಲಲಿಲ್ಲ. ಗಣಿತವನ್ನು ಯಂತ್ರಕ್ಕೆ ಇಳಿಸಿದ ಕೈ ಸೋತಿತು. ಆದ್ದರಿಂದ ಆಯ್ಕೆ ಮಾಡುವವನು ಕೆಲವು ಪ್ರಶ್ನೆಗಳನ್ನು ತಪ್ಪದೆ ಕೇಳಬೇಕು. ವಿಧಾನ ಬಹಿರಂಗವಾದುದೆ, ಅದನ್ನು ಮುರಿಯಲು ಹಲವರು ಹಲವು ವರ್ಷ ಯತ್ನಿಸಿ ಸೋತಿದ್ದಾರೆಯೆ? ಮಾನಕ ಸಂಸ್ಥೆಗಳು ಅದನ್ನು ಇನ್ನೂ ಒಪ್ಪುತ್ತವೆಯೆ? ಒಂದು ಕಾಲಕ್ಕೆ ಮಾನಕವಾಗಿದ್ದ ಡಿಎಸ್‌ಎಯನ್ನು ಹೊಸ ಸಹಿಗಳಿಗೆ ಬಳಸಬಾರದು, ಹಳೆಯ ಸಹಿಗಳ ಪರೀಕ್ಷೆಗೆ ಮಾತ್ರ ಇರಿಸಿಕೊಳ್ಳಬಹುದು ಎಂದು ಅದೇ ಅಮೆರಿಕದ ಸಂಸ್ಥೆ 2023ರಲ್ಲಿ ಸಾರಿತು. ಕೀಲಿಯ ಉದ್ದ ಸಾಕಷ್ಟಿದೆಯೆ? ಸಾರಸಂಖ್ಯೆಯ ವಿಧಾನ ಗಟ್ಟಿಯಾದುದೆ? ರಚನೆಯನ್ನು ಬರೆದವರು ಯಾರು. ಉತ್ತರ ಗೊತ್ತಿರುವ ಲೆಕ್ಕಗಳನ್ನು ಕೊಟ್ಟು ಅದನ್ನು ಪರೀಕ್ಷಿಸಿದ್ದಾರೆಯೆ? ಸುಳ್ಳು ಸಹಿಯನ್ನು ಕೊಟ್ಟಾಗ ಅದು ‘ಇಲ್ಲ’ ಎನ್ನುತ್ತದೆಯೆ? ದೋಷ ಕಂಡಾಗ ತಿದ್ದುವವರು ಇದ್ದಾರೆಯೆ?

ಇವುಗಳೊಡನೆ ಕೆಲಸದ ಸ್ವರೂಪವನ್ನೂ ನೋಡಬೇಕು. ಪಹಣಿಗೆ ಸಹಿ ಮಾಡುವುದು ಒಮ್ಮೆ. ಅದನ್ನು ಬ್ಯಾಂಕು, ನ್ಯಾಯಾಲಯ, ಕೊಳ್ಳುವವರು ಪರೀಕ್ಷಿಸುವುದು ಹಲವು ಬಾರಿ. ಆರ್‌ಎಸ್‌ಎ ವಿಧಾನದಲ್ಲಿ ಸಹಿ ಮಾಡಲು ಹೆಚ್ಚು ಹೊತ್ತು ಹಿಡಿದರೂ ಪರೀಕ್ಷೆ ಬಹು ಬೇಗ ಮುಗಿಯುತ್ತದೆ. ಆದುದರಿಂದ ಅದು ಇಂತಹ ದಾಖಲೆಗೆ ಹೊಂದುತ್ತದೆ. ಸಂಡೂರಿನ ಗಣಿಯಿಂದ ಹೊರಡುವ ಲಾರಿಯ ಪರವಾನಗಿಯ ಸಂಗತಿ ಬೇರೆ. ಅದರ ಸಹಿಯನ್ನು ಒಂದು ಚೀಟಿಯ ಮೇಲಿನ ಚಿಕ್ಕ ಚೌಕದ ಗುರುತಿನಲ್ಲಿ ಅಡಗಿಸಬೇಕಾದರೆ ಸ್ಥಳ ಅತ್ಯಲ್ಪ. ಅಲ್ಲಿ 256 ಬೈಟುಗಳ ಸಹಿಗಿಂತ 64 ಬೈಟುಗಳ ಸಹಿಯೇ ಲೇಸು. ಎಲ್ಲ ಬೀಗಕ್ಕೂ ಒಂದೇ ಕೀಲಿಯಿಲ್ಲವೆಂಬ ಮಾತು ಇಲ್ಲಿಯೂ ಸಲ್ಲುತ್ತದೆ.

ದಾಖಲೆ ಎಷ್ಟು ಕಾಲ ಬಾಳಬೇಕೆಂಬುದು ಮತ್ತೊಂದು ಪ್ರಶ್ನೆ. ಲಾರಿಯ ಪರವಾನಗಿಯ ಆಯುಸ್ಸು ಸ್ವಲ್ಪ ಕಾಲದ್ದು. ಭೂದಾಖಲೆಯಾದರೋ ಮೊಮ್ಮಕ್ಕಳ ಕಾಲಕ್ಕೂ ನಿಲ್ಲಬೇಕು. ಕ್ವಾಂಟಮ್ ಗಣಕಯಂತ್ರವು ಸಾಕಷ್ಟು ದೊಡ್ಡದಾಗಿ ಬೆಳೆದರೆ ದೊಡ್ಡ ಸಂಖ್ಯೆಗಳನ್ನು ಸುಲಭವಾಗಿ ಒಡೆಯಬಲ್ಲದೆಂದು ಪೀಟರ್ ಶೋರ್ ಎಂಬ ಗಣಿತಜ್ಞ 1994ರಲ್ಲಿಯೇ ತೋರಿಸಿದನು. ಹಾಗಾದ ದಿನ ಆರ್‌ಎಸ್‌ಎಯೂ ವಕ್ರರೇಖೆಗಳ ವಿಧಾನಗಳೂ ನಿಲ್ಲಲಾರವು. ಆ ದಿನವನ್ನು ಎದುರಿಸಲೆಂದು ಬೇರೆ ಬಗೆಯ ಗಣಿತದ ಮೇಲೆ ನಿಂತ ಹೊಸ ಸಹಿಯ ಮಾನಕಗಳು 2024ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ಹೊರಬಂದಿವೆ. ಆದುದರಿಂದ ಬುದ್ಧಿವಂತನಾದ ಕ್ರಮವಿಧಿಕಾರನು ಇಂದಿನ ವಿಧಾನವನ್ನು ನಾಳೆ ಬದಲಿಸಲು ಎಡೆಯಿರುವಂತೆ ತನ್ನ ವ್ಯವಸ್ಥೆಯನ್ನು ಕಟ್ಟುತ್ತಾನೆ. ವಿಜಯನಗರದಲ್ಲಿಯೂ ಅಂಕಿತ ಬದಲಾಯಿತು. ಅರವೀಡು ವಂಶದ ಇಮ್ಮಡಿ ವೆಂಕಟಪತಿರಾಯನ ಕಾಲಕ್ಕೆ ‘ಶ್ರೀ ವಿರೂಪಾಕ್ಷ’ದ ಸ್ಥಾನದಲ್ಲಿ ‘ಶ್ರೀ ವೆಂಕಟೇಶ’ ಬಂದಿತು. ಆದರೂ ಹಳೆಯ ಶಾಸನಗಳನ್ನು ಓದಬಲ್ಲವರು ಉಳಿದರು.

ಸಹಿಯಿಂದ ಎಲ್ಲವೂ ಆಗುತ್ತದೆಂದು ತಿಳಿಯುವುದೂ ತಪ್ಪು. ಸಂಡೂರು, ಹೊಸಪೇಟೆ, ಬಳ್ಳಾರಿ ಪ್ರದೇಶದ ಕಬ್ಬಿಣದ ಅದಿರಿನ ಅಕ್ರಮಗಳನ್ನು ಕುರಿತು ಕರ್ನಾಟಕದ ಲೋಕಾಯುಕ್ತರು 2008 ಮತ್ತು 2011ರಲ್ಲಿ ವರದಿಗಳನ್ನು ಸಲ್ಲಿಸಿದರು. ಪರವಾನಗಿ ಇಲ್ಲದೆಯೂ, ಪರವಾನಗಿಯಲ್ಲಿ ಹೇಳಿದ ತೂಕವನ್ನು ಮೀರಿಯೂ ಅದಿರು ಸಾಗಿದ ಸಂಗತಿ ಅವುಗಳಿಂದ ಹೊರಬಿತ್ತು. 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ತಡೆಹಿಡಿಯಿತು. ನಿಯಮಗಳಿಗೆ ಒಳಪಟ್ಟು ಕೆಲವು ಗಣಿಗಳಿಗೆ ಮುಂದೆ ಮತ್ತೆ ಅನುಮತಿ ದೊರೆಯಿತು. ಪರವಾನಗಿಯ ಮೇಲೆ ಎಷ್ಟೇ ಗಟ್ಟಿಯಾದ ಸಹಿಯಿದ್ದರೂ ಲಾರಿಯಲ್ಲಿ ಎಷ್ಟು ಅದಿರಿದೆಯೆಂದು ಅದು ಹೇಳಲಾರದು. ಅದಕ್ಕೆ ತೂಕದ ಕಟ್ಟೆಯೂ ಅದರ ಬಳಿ ಪ್ರಾಮಾಣಿಕನಾದ ಮನುಷ್ಯನೂ ಬೇಕು. ಒಂದೇ ಪರವಾನಗಿಯನ್ನು ಎರಡು ಬಾರಿ ತೋರಿಸಿದರೆ ಸಹಿ ಎರಡು ಬಾರಿಯೂ ತಾಳೆಯಾಗುತ್ತದೆ. ಅದನ್ನು ತಡೆಯಲು ಬರಹದೊಳಗೆ ಕ್ರಮಸಂಖ್ಯೆ, ದಿನ, ವೇಳೆಗಳು ಸೇರಿರಬೇಕು. ಬಳಸಿದ ಸಂಖ್ಯೆಗಳ ಲೆಕ್ಕವನ್ನೂ ಇಡಬೇಕು. ಅಧಿಕಾರಿ ತನ್ನ ಖಾಸಗಿ ಕೀಲಿಯನ್ನು ಮತ್ತೊಬ್ಬನ ಕೈಗೆ ಕೊಟ್ಟರಂತೂ ಯಾವ ಗಣಿತವೂ ಕಾಪಾಡದು. ಸುಳ್ಳಿಗೆ ಹಾಕಿದ ಸಾಚಾ ಸಹಿ ಸುಳ್ಳನ್ನು ಸತ್ಯವಾಗಿಸುವುದಿಲ್ಲ. ಆ ಸುಳ್ಳನ್ನು ಹೇಳಿದವನು ಯಾರೆಂಬುದನ್ನು ಮಾತ್ರ ಸಾರುತ್ತದೆ.

ತಾಮ್ರಪಟದ ಕಾಲದಲ್ಲಿ ಶಾಸನವನ್ನು ಪರೀಕ್ಷಿಸಲು ಲಿಪಿಯನ್ನೂ ಪಂಚಾಂಗವನ್ನೂ ಬಲ್ಲ ವಿದ್ವಾಂಸನೇ ಬೇಕಾಗಿದ್ದ. ಇಂದು ಕಂಪ್ಲಿಯ ರೈತನ ಪಹಣಿಯನ್ನು ಎಷ್ಟೋ ದೂರದಲ್ಲಿರುವವನೂ ಕ್ಷಣದಲ್ಲಿ ಪರೀಕ್ಷಿಸಬಹುದು. ಇದು ಸಾಮಾನ್ಯ ಲಾಭವಲ್ಲ. ಆದರೆ ಆ ಕ್ಷಣದ ಹಿಂದೆ ಯಾವ ವಿಧಾನವನ್ನು, ಯಾರ ರಚನೆಯನ್ನು, ಎಷ್ಟು ಉದ್ದದ ಕೀಲಿಯನ್ನು ಆರಿಸಬೇಕೆಂದು ಯಾರೋ ಒಬ್ಬರು ಕುಳಿತು ಯೋಚಿಸಿರುತ್ತಾರೆ. ಅವರ ಹೆಸರು ಪಹಣಿಯ ಮೇಲೆ ಬರುವುದಿಲ್ಲ. ಆದರೂ ಒಂದು ಹೊಲದ ಬದು ಸುರಕ್ಷಿತವಾಗಿ ಉಳಿಯುವುದು ಅವರ ಎಚ್ಚರದಿಂದ.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿ.
1. ವಿಜಯನಗರದ ತಾಮ್ರಶಾಸನಗಳ ಕೊನೆಯಲ್ಲಿ ಯಾವ ಅಂಕಿತ, ಯಾವ ಲಿಪಿಯಲ್ಲಿ ಇರುತ್ತಿತ್ತು?
2. ಕೂಟಶಾಸನವೆಂದರೇನು?
3. ಆರ್‌ಎಸ್‌ಎ ವಿಧಾನಕ್ಕೆ ಆ ಹೆಸರು ಹೇಗೆ ಬಂದಿತು?
4. ಸಾರ್ವಜನಿಕ ಕೀಲಿಯನ್ನು ಯಾವುದಕ್ಕೆ ಬಳಸುತ್ತಾರೆ?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿ.
1. ‘ಶ್ರೀ ವಿರೂಪಾಕ್ಷ’ ಎಂಬ ಅಂಕಿತದ ಎರಡು ತೊಡಕುಗಳಾವುವು? ಡಿಜಿಟಲ್ ಸಹಿ ಅವನ್ನು ಹೇಗೆ ಪರಿಹರಿಸುತ್ತದೆ?
2. ಅಂಕಿಗಳನ್ನು ಬರಿದೆ ಕೂಡಿ ಸಾರಸಂಖ್ಯೆಯನ್ನು ಪಡೆದರೆ ಒದಗುವ ಅಪಾಯವೇನು?
3. ಪಹಣಿಗೂ ಲಾರಿಯ ಪರವಾನಗಿಗೂ ಬೇರೆ ಬೇರೆ ವಿಧಾನಗಳು ಏಕೆ ಹೊಂದುತ್ತವೆ?

ಇ) ಲೆಕ್ಕ ಮಾಡಿ ನೋಡಿ.
ಸಾರ್ವಜನಿಕ ಕೀಲಿ 33 ಮತ್ತು 3, ಖಾಸಗಿ ಕೀಲಿ 7. ಸಾರಸಂಖ್ಯೆ 5 ಆದಾಗ ಸಹಿ 14 ಆಗುವುದೆಂದು ತೋರಿಸಿ. ಆ ಸಹಿಯನ್ನು ಸಾರ್ವಜನಿಕ ಕೀಲಿಯಿಂದ ತಾಳೆ ನೋಡಿ.

ಈ) ವಿವರಿಸಿ.
“ಸುಳ್ಳಿಗೆ ಹಾಕಿದ ಸಾಚಾ ಸಹಿ ಸುಳ್ಳನ್ನು ಸತ್ಯವಾಗಿಸುವುದಿಲ್ಲ.”

ಉ) ಸ್ವಂತ ವಾಕ್ಯಗಳಲ್ಲಿ ಬಳಸಿ.
ಧಾರೆಯೆರೆ, ತಾಳೆಯಾಗು, ಬೆಳಕಿಗೆ ಬರು, ತಲೆಯೆತ್ತು.